ಮಕ್ಕಳ ಕೃತಿಗಳ ಮೇಲಿನ ಆಕ್ಷೇಪ ಮತ್ತು ನಿಷೇಧ

ಮಕ್ಕಳು ಓದುವ ಕಾದಂಬರಿ, ಕಥೆಗಳನ್ನು ಗ್ರಂಥಾಲಯದಿಂದಲೋ ಶಾಲೆಯ ಪಾಠಗಳಿಂದಲೋ ತೆಗೆಯಬೇಕೆಂದು ಪೋಷಕರು ಅಥವಾ ಸಂಘಟನೆಗಳು ಒತ್ತಾಯಿಸುವುದನ್ನು ಆಕ್ಷೇಪವೆಂದೂ, ಅಧಿಕಾರವುಳ್ಳ ಸಂಸ್ಥೆ ಅದಕ್ಕೆ ಮಣಿದು ಕೃತಿಯನ್ನು ಹಿಂತೆಗೆಯುವುದನ್ನು ನಿಷೇಧವೆಂದೂ ಕರೆಯುವುದು ರೂಢಿ. ಅಮೆರಿಕದಲ್ಲಿ ಇದು ಬಹುಮಟ್ಟಿಗೆ ಊರೂರಿನ ವ್ಯವಹಾರ: 1885ರಲ್ಲಿ ಕಾಂಕರ್ಡ್ ಪಟ್ಟಣದ ಗ್ರಂಥಾಲಯ ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ ಕಾದಂಬರಿಯನ್ನು ಒರಟು ಕೃತಿಯೆಂದು ಹೊರಗಿಟ್ಟಿತು, ಕ್ಯಾಥರೀನ್ ಪ್ಯಾಟರ್‌ಸನ್ ಅವರ ‘ಬ್ರಿಜ್ ಟು ಟೆರಬಿಥಿಯಾ’ (1977) ಬೈಗುಳಕ್ಕೂ ಬಾಲಕಿಯೊಬ್ಬಳ ಸಾವಿನ ಚಿತ್ರಣಕ್ಕೂ, ‘ಹ್ಯಾರಿ ಪಾಟರ್’ ಮಾಲೆ ಮಾಟಮಂತ್ರಕ್ಕೂ ಆಕ್ಷೇಪ ಎದುರಿಸಿದವು. ಕಾರಣಗಳು ಬೇರೆಬೇರೆಯಾದರೂ ಮಗು ಏನನ್ನು ಓದಬೇಕೆಂದು ನಿರ್ಧರಿಸುವವರು ಯಾರು ಎಂಬ ಜಗಳವೇ ಎಲ್ಲದರ ತಳದಲ್ಲಿದೆ.

ಭಾರತದಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕುವ, ಎಂದರೆ ಅದರ ಪ್ರತಿಗಳನ್ನು ವಶಪಡಿಸಿಕೊಳ್ಳುವ, ಅಧಿಕಾರ ರಾಜ್ಯ ಸರ್ಕಾರದ್ದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮಿನಲ್ಲಿದ್ದ ಈ ಅವಕಾಶ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೆಯ ಕಲಮಿನಲ್ಲಿದೆ. ಕರ್ನಾಟಕದಲ್ಲಿ 1998ರಲ್ಲಿ ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ ಹೀಗೆ ಮುಟ್ಟುಗೋಲಾಯಿತು; ಆದರೆ ಅದು ಮಕ್ಕಳ ಪುಸ್ತಕವಲ್ಲ. ಮಕ್ಕಳ ಓದಿನ ವಿವಾದಗಳು ಇಲ್ಲಿ ಪಠ್ಯಪುಸ್ತಕದ ಸುತ್ತಲೇ ಹೆಚ್ಚು ಎದ್ದಿವೆ.

ಇದಕ್ಕೆ ಶಿವಮೊಗ್ಗದ ನಂಟುಳ್ಳ ನಿದರ್ಶನ 2022ರದು. ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಸಮಿತಿ ಪರಿಷ್ಕರಿಸಿದ ಹತ್ತನೆಯ ತರಗತಿಯ ಕನ್ನಡ ಪಠ್ಯದಿಂದ, ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯ ಪಿ. ಲಂಕೇಶರ ‘ಮೃಗ ಮತ್ತು ಸುಂದರಿ’ಯೂ ಸಾರಾ ಅಬೂಬಕ್ಕರ್ ಅವರ ‘ಯುದ್ಧ’ವೂ ಕೈಬಿಟ್ಟುಹೋದವು, ಆರೆಸ್ಸೆಸ್ ಸಂಸ್ಥಾಪಕ ಹೆಡ್ಗೇವಾರರ ಬರಹ ಸೇರಿತು. ಇದನ್ನು ವಿರೋಧಿಸಿದ ದೇವನೂರ ಮಹಾದೇವ ಪಠ್ಯದಲ್ಲಿದ್ದ ತಮ್ಮ ಬರಹಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂಪಡೆದರು. ಲೇಖಕನೇ ತನ್ನ ಪಾಠವನ್ನು ತೆಗೆಯಿರೆನ್ನುವ ಈ ನಡೆ ಆಕ್ಷೇಪದ ಮಾಮೂಲಿ ದಿಕ್ಕನ್ನೇ ತಿರುಗಿಸಿತು. ಕುವೆಂಪು ಅವರಿಗೆ ಅವಮಾನವಾಗಿದೆಯೆಂಬ ದೂರೂ ಸೇರಿಕೊಂಡು, ಆ ಜೂನ್‌ನಲ್ಲಿ ಕುಪ್ಪಳಿಯಿಂದ ತೀರ್ಥಹಳ್ಳಿಗೆ ಪ್ರತಿಭಟನಾ ಪಾದಯಾತ್ರೆ ನಡೆಯಿತು.

ಇಂಥ ಕೈಬಿಡುವಿಕೆ ಕಾನೂನಿನ ಅರ್ಥದಲ್ಲಿ ನಿಷೇಧವಲ್ಲ. ಲಂಕೇಶರ ಪುಸ್ತಕಗಳ ಮಾರಾಟಕ್ಕಾಗಲಿ ಗ್ರಂಥಾಲಯದಲ್ಲಿ ಅವು ಇರುವುದಕ್ಕಾಗಲಿ ಇದರಿಂದ ತಡೆಯುಂಟಾಗಲಿಲ್ಲ. ಆದರೂ ಪರಿಣಾಮದಲ್ಲಿ ಇದು ಕಪಾಟಿನ ನಿಷೇಧಕ್ಕಿಂತ ವ್ಯಾಪಕವೆನ್ನಬೇಕು, ಏಕೆಂದರೆ ಕಾಂಕರ್ಡಿನ ತೀರ್ಮಾನ ಕಾಂಕರ್ಡಿಗಷ್ಟೇ ಅನ್ವಯಿಸಿದರೆ, ಬೆಂಗಳೂರಿನಲ್ಲಿ ಬದಲಾದ ಪಠ್ಯ ಶಿವಮೊಗ್ಗ, ಭದ್ರಾವತಿಗಳೂ ಸೇರಿ ರಾಜ್ಯ ಪಠ್ಯಕ್ರಮದ ಎಲ್ಲ ಶಾಲೆಗಳಿಗೂ ಒಮ್ಮೆಗೇ ತಲುಪುತ್ತದೆ, ಮನೆಯಲ್ಲಿ ಬೇರೆ ಪುಸ್ತಕವಿಲ್ಲದ ಮಗುವಿಗೆ ಪಠ್ಯಪುಸ್ತಕವೇ ಇಡೀ ಗ್ರಂಥಾಲಯವಾಗಿರುತ್ತದೆ. ಸರ್ಕಾರ ಬದಲಾದ ಮೇಲೆ, 2023ರ ಜೂನ್‌ನಲ್ಲಿ, ಹೆಡ್ಗೇವಾರರ ಪಾಠವನ್ನು ಕೈಬಿಡಲು ಸಚಿವ ಸಂಪುಟ ನಿರ್ಧರಿಸಿತು.