ನ್ಯಾಯಾಲಯಕ್ಕೆ ಬೀಗ ಬಿದ್ದ ದ್ವೀಪಗಳು

1941ರ ಡಿಸೆಂಬರ್ 7, ಭಾನುವಾರ. ಬೆಳಗಿನ ಎಂಟು ಗಂಟೆಗೆ ತುಸು ಮುಂಚೆ ಜಪಾನಿನ ಯುದ್ಧವಿಮಾನಗಳು ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಎರಗಿದವು. 2,400ಕ್ಕೂ ಹೆಚ್ಚು ಅಮೆರಿಕನ್ನರು ಸತ್ತ ಆ ದಾಳಿಯ ಕಥೆ ಲೋಕಕ್ಕೆಲ್ಲ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಅದೇ ದಿನ ಮಧ್ಯಾಹ್ನ ನಡೆದ ಸಂಗತಿ. ಗವರ್ನರ್ ಜೋಸೆಫ್ ಪಾಯಿಂಡೆಕ್ಸ್‌ಟರ್ ಒಂದು ಘೋಷಣೆಗೆ ಸಹಿ ಹಾಕಿ, ದ್ವೀಪಗಳ ಆಡಳಿತವನ್ನೂ ನ್ಯಾಯದಾನವನ್ನೂ ಸೇನೆಯ ಕೈಗೆ ಒಪ್ಪಿಸಿದರು. ಬೆಂಕಿ ಕೆಲವೇ ದಿನಗಳಲ್ಲಿ ಆರಿತು. ಆ ಸಹಿಯ ಪರಿಣಾಮ ಮಾತ್ರ ಸುಮಾರು ಮೂರು ವರ್ಷ ಉಳಿಯಿತು.

ಹವಾಯಿ ಆಗ ಅಮೆರಿಕದ ರಾಜ್ಯವಾಗಿರಲಿಲ್ಲ. ಆ ಸ್ಥಾನ ಅದಕ್ಕೆ ದೊರೆತದ್ದು 1959ರಲ್ಲಿ. ಅದರ ಆಡಳಿತಕ್ಕಾಗಿ ಅಮೆರಿಕದ ಸಂಸತ್ತು 1900ರಲ್ಲಿ ಮಾಡಿದ ಕಾಯಿದೆಯಲ್ಲಿ, ದಂಗೆ ಅಥವಾ ದಾಳಿಯ ಸಂದರ್ಭದಲ್ಲಿ ಗವರ್ನರ್ 'ಮಾರ್ಷಲ್ ಲಾ' ಘೋಷಿಸಬಹುದು ಎಂಬ ಮಾತಿತ್ತು. ಬಂಧಿತನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ಬಂಧನಕ್ಕೆ ಕಾರಣ ತಿಳಿಸುವಂತೆ ಮಾಡುವ 'ಹೇಬಿಯಸ್ ಕಾರ್ಪಸ್' ಹಕ್ಕನ್ನು ತಡೆಹಿಡಿಯಲೂ ಅವಕಾಶವಿತ್ತು. ಗವರ್ನರ್ ಎರಡನ್ನೂ ಬಳಸಿದರು. ಎರಡು ದಿನಗಳ ನಂತರ ಅಧ್ಯಕ್ಷ ರೂಸ್‌ವೆಲ್ಟ್ ಅನುಮೋದನೆ ನೀಡಿದರು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸೈನಿಕರ ಶಿಸ್ತಿಗಾಗಿ ಸೇನೆಗೆ ತನ್ನದೇ ಕಾಯಿದೆ ಇರುತ್ತದೆ. ಅದು ಎಲ್ಲ ದೇಶಗಳಲ್ಲೂ ಉಂಟು. ಮಾರ್ಷಲ್ ಲಾ ಅದಲ್ಲ. ಸಮವಸ್ತ್ರ ತೊಡದ ಸಾಮಾನ್ಯ ನಾಗರಿಕನನ್ನೂ ಸೇನಾಧಿಕಾರಿಯ ಆಜ್ಞೆಗೆ ಒಳಪಡಿಸುವುದೇ ಮಾರ್ಷಲ್ ಲಾ.

ಹೊನೊಲುಲುವಿನ ಹಳೆಯ ಅರಮನೆ ಇಯೊಲಾನಿಯಲ್ಲಿ ಸೇನಾ ಗವರ್ನರರ ಕಚೇರಿ ತೆರೆಯಿತು. ಅಲ್ಲಿಂದ ಒಂದರ ಹಿಂದೊಂದು ಆಜ್ಞೆಗಳು ಹೊರಟವು. ರಾತ್ರಿ ಕರ್ಫ್ಯೂ, ಕಿಟಕಿಯಿಂದ ಬೆಳಕು ಇಣುಕಿದರೂ ಅಪರಾಧ. ಪುಟ್ಟ ಮಕ್ಕಳನ್ನು ಬಿಟ್ಟು ಉಳಿದ ಎಲ್ಲರೂ ಬೆರಳಚ್ಚು ಕೊಟ್ಟು ಗುರುತಿನ ಚೀಟಿ ಪಡೆಯಬೇಕು. ಪತ್ರಗಳನ್ನೂ ಪತ್ರಿಕೆಗಳನ್ನೂ ಸೆನ್ಸಾರ್ ಮಾಡಲಾಯಿತು. ಕೂಲಿಯ ದರವನ್ನು ಗೊತ್ತುಪಡಿಸಿದ್ದೂ ಸೇನೆಯೇ. ಯುದ್ಧಕ್ಕೆ ಸಂಬಂಧಿಸಿದ ಕೆಲಸಕ್ಕೆ ಗೈರುಹಾಜರಾದ ಕಾರ್ಮಿಕ ಜೈಲಿಗೆ ಹೋಗಬಹುದಿತ್ತು.

ಆಜ್ಞೆ ಮುರಿದವರ ವಿಚಾರಣೆಗೆ ಸಾಮಾನ್ಯ ನ್ಯಾಯಾಲಯಗಳಿರಲಿಲ್ಲ. ದಾಳಿಯ ಮರುದಿನವೇ ಅವುಗಳ ಬಾಗಿಲು ಮುಚ್ಚಿತ್ತು. ಅವುಗಳ ಜಾಗದಲ್ಲಿ 'ಪ್ರೊವೋಸ್ಟ್ ಕೋರ್ಟ್' ಎಂಬ ಸೇನಾ ನ್ಯಾಯಾಲಯಗಳು ಬಂದವು. ಅಲ್ಲಿ ಸೇನಾಧಿಕಾರಿಯೇ ನ್ಯಾಯಾಧೀಶ. ಜ್ಯೂರಿ ಇಲ್ಲ, ಮೇಲಿನ ನ್ಯಾಯಾಲಯಕ್ಕೆ ಅಪೀಲು ಇಲ್ಲ. ಬಹುತೇಕ ಮೊಕದ್ದಮೆಗಳು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿದ್ದವು. ಬಿಡುಗಡೆಯಾದವರು ಬಲು ಅಪರೂಪ. ಐದು ವರ್ಷ ಸೆರೆವಾಸ, 5,000 ಡಾಲರ್ ದಂಡದವರೆಗೆ ಶಿಕ್ಷೆ ವಿಧಿಸುವ ಅಧಿಕಾರ ಇವಕ್ಕಿತ್ತು. ಕೆಲವರಿಗೆ ಯುದ್ಧದ ಬಾಂಡ್ ಕೊಳ್ಳುವಂತೆಯೋ ರಕ್ತ ಕೊಡುವಂತೆಯೋ ತೀರ್ಪಾದದ್ದೂ ಉಂಟು.

ಇದು ನ್ಯಾಯವೇ? ಈ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟು 75 ವರ್ಷ ಮೊದಲೇ ಉತ್ತರ ಕೊಟ್ಟಿತ್ತು. ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಲಿಂಕನ್ ಸರ್ಕಾರದ ವಿರೋಧಿಯಾಗಿದ್ದ ಇಂಡಿಯಾನಾದ ವಕೀಲ ಲ್ಯಾಂಬ್ಡಿನ್ ಮಿಲ್ಲಿಗನ್‌ನನ್ನು ಪಿತೂರಿಯ ಆರೋಪದ ಮೇಲೆ ಸೇನಾ ಆಯೋಗವೊಂದು ವಿಚಾರಿಸಿ ಗಲ್ಲು ಶಿಕ್ಷೆ ವಿಧಿಸಿತು. ಆತ ಸೈನಿಕನಲ್ಲ, ಇಂಡಿಯಾನಾ ಯುದ್ಧಭೂಮಿಯೂ ಅಲ್ಲ, ಅಲ್ಲಿನ ನ್ಯಾಯಾಲಯಗಳು ಎಂದಿನಂತೆ ಕೆಲಸ ಮಾಡುತ್ತಿದ್ದವು. 1866ರಲ್ಲಿ ಸುಪ್ರೀಂ ಕೋರ್ಟು ಆತನನ್ನು ಬಿಡುಗಡೆ ಮಾಡಿತು. ತೀರ್ಪು ಬರೆದ ಡೇವಿಡ್ ಡೇವಿಸ್, ಸ್ವತಃ ಲಿಂಕನ್ನರ ಆಪ್ತ ಗೆಳೆಯ. ನ್ಯಾಯಾಲಯಗಳು ತೆರೆದಿದ್ದು ಕೆಲಸ ನಡೆಸುತ್ತಿರುವ ಕಡೆ ನಾಗರಿಕನನ್ನು ಸೇನೆ ವಿಚಾರಿಸುವಂತಿಲ್ಲ ಎಂಬುದು ಆ ತೀರ್ಪಿನ ಸಾರ.

ಹವಾಯಿಯಲ್ಲಿ ಈ ಅಳತೆಗೋಲೇ ತಲೆಕೆಳಗಾಯಿತು. ಅಲ್ಲಿ ನ್ಯಾಯಾಲಯಗಳನ್ನು ಮುಚ್ಚಿಸಿದ್ದು ಶತ್ರುವಲ್ಲ, ಸೇನೆಯೇ. ಮೊದಲ ವಾರಗಳಲ್ಲಿ ದಾಳಿಯ ಭಯ ನಿಜವಾದದ್ದೇ. ಆದರೆ 1942ರ ಜೂನ್‌ನಲ್ಲಿ ಮಿಡ್‌ವೇ ಕದನದಲ್ಲಿ ಜಪಾನ್ ಸೋತ ಮೇಲೆ ದ್ವೀಪಗಳ ಆಕ್ರಮಣದ ಸಾಧ್ಯತೆ ಬಹುಮಟ್ಟಿಗೆ ದೂರವಾಯಿತು. ಸಿನಿಮಾ ಮಂದಿರ, ಅಂಗಡಿ, ಶಾಲೆಗಳೆಲ್ಲ ತೆರೆದವು. ಜ್ಯೂರಿ ವಿಚಾರಣೆ ಮಾತ್ರ ಅಪಾಯಕಾರಿ ಎನಿಸಿತು. ಜನಸಂಖ್ಯೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ಜಪಾನಿ ಮೂಲದವರು. ಅವರು ಜ್ಯೂರಿಯಲ್ಲಿ ಕೂತರೆ ಗತಿಯೇನು ಎಂಬುದು ಸೇನೆಯ ವಾದ. ಅವರು ವಿಧ್ವಂಸಕ ಕೃತ್ಯ ನಡೆಸಿದ್ದು ಒಂದೂ ಸಾಬೀತಾಗಲಿಲ್ಲ.

ಎದುರು ನಿಂತವರೂ ಇದ್ದರು. 1943ರ ಮಾರ್ಚ್‌ನಲ್ಲಿ ಕೆಲವು ಅಧಿಕಾರಗಳು ನಾಗರಿಕ ಸರ್ಕಾರಕ್ಕೆ ಮರಳಿದ್ದವು. ಅದೇ ಆಗಸ್ಟ್‌ನಲ್ಲಿ, ಆರೋಪಪಟ್ಟಿಯೇ ಇಲ್ಲದೆ ಬಂಧನದಲ್ಲಿದ್ದ ಜರ್ಮನ್ ಮೂಲದ ಇಬ್ಬರು ಅಮೆರಿಕನ್ ಪ್ರಜೆಗಳನ್ನು ಹಾಜರುಪಡಿಸುವಂತೆ ಹೊನೊಲುಲುವಿನ ಫೆಡರಲ್ ನ್ಯಾಯಾಧೀಶ ಡೆಲ್ಬರ್ಟ್ ಮೆಟ್ಜರ್ ಆದೇಶಿಸಿದರು. ಜನರಲ್ ರಾಬರ್ಟ್ ರಿಚರ್ಡ್‌ಸನ್ ಒಪ್ಪಲಿಲ್ಲ. ನ್ಯಾಯಾಧೀಶರು ನ್ಯಾಯಾಂಗ ನಿಂದನೆಗಾಗಿ ಜನರಲ್‌ಗೆ 5,000 ಡಾಲರ್ ದಂಡ ಹಾಕಿದರು. ಇಂಥ ಅರ್ಜಿಗಳನ್ನು ಸ್ವೀಕರಿಸುವುದೇ ಶಿಕ್ಷಾರ್ಹ ಎಂದು ಜನರಲ್ ಪ್ರತಿ ಆಜ್ಞೆ ಹೊರಡಿಸಿದರು. ಕೊನೆಗೆ ರಾಜಿಯಾಗಿ ಆ ಆಜ್ಞೆ ರದ್ದಾಯಿತು. ದಂಡ 100 ಡಾಲರಿಗೆ ಇಳಿಯಿತು. ಅಧ್ಯಕ್ಷರ ಕ್ಷಮಾದಾನದಿಂದ ಅದೂ ಹೋಯಿತು.

ಸುಪ್ರೀಂ ಕೋರ್ಟಿಗೆ ಹೋದದ್ದು ಇನ್ನೆರಡು ಪ್ರಕರಣಗಳು. ಷೇರು ದಲ್ಲಾಳಿ ವೈಟ್ ಮೇಲೆ ಇನ್ನೊಬ್ಬರ ಷೇರುಗಳನ್ನು ಲಪಟಾಯಿಸಿದ ಆರೋಪ. ಹಡಗುಕಟ್ಟೆಯ ಕೆಲಸಗಾರ ಡಂಕನ್ ಇಬ್ಬರು ಕಾವಲು ಸೈನಿಕರೊಂದಿಗೆ ಹೊಡೆದಾಡಿದ್ದ. ಇಬ್ಬರೂ ಸಾಧುಗಳೆಂದು ಯಾರೂ ವಾದಿಸಲಿಲ್ಲ. ಷೇರಿನ ಕಳವಿಗೂ ಯುದ್ಧಕ್ಕೂ ಏನು ಸಂಬಂಧ, ನಾಗರಿಕನಿಗೆ ಶಿಕ್ಷೆ ಕೊಡಬೇಕಾದವರು ಯಾರು ಎಂಬುದಷ್ಟೇ ಪ್ರಶ್ನೆ. ಡಂಕನ್ ಮೊಕದ್ದಮೆಯ ಎದುರುಪಕ್ಷದಲ್ಲಿರುವ ಹೆಸರು ಕಹಾನಮೋಕು. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಪ್ರಖ್ಯಾತ ಈಜುಗಾರ ಡ್ಯೂಕ್ ಕಹಾನಮೋಕು ಆಗ ಹೊನೊಲುಲುವಿನ ಷೆರೀಫ್ ಆಗಿ ಕೈದಿಯ ಉಸ್ತುವಾರಿ ಹೊತ್ತಿದ್ದರು.

1946ರ ಫೆಬ್ರವರಿ 25ರಂದು ಸುಪ್ರೀಂ ಕೋರ್ಟು 6–2ರ ಬಹುಮತದಿಂದ ಇಬ್ಬರ ಪರವಾಗಿ ತೀರ್ಪಿತ್ತಿತು. ದ್ವೀಪಗಳನ್ನು ರಕ್ಷಿಸಲು ಸೇನೆಗೆ ಅಧಿಕಾರವಿದೆ, ನ್ಯಾಯಾಲಯಗಳ ಸ್ಥಾನ ಕಸಿಯಲು ಇಲ್ಲ ಎಂದಿತು. ಆದರೆ ಮಾರ್ಷಲ್ ಲಾ 1944ರ ಅಕ್ಟೋಬರ್‌ನಲ್ಲೇ ಕೊನೆಗೊಂಡಿತ್ತು; ಯುದ್ಧವೂ ಮುಗಿದಿತ್ತು. ಮಿಲ್ಲಿಗನ್ ತೀರ್ಪು ಬಂದದ್ದೂ ಅಂತರ್ಯುದ್ಧ ಮುಗಿದ ಮೇಲೆಯೇ. ಬಹುಮತದ ತೀರ್ಪು ಬರೆದ ಹ್ಯೂಗೊ ಬ್ಲ್ಯಾಕ್ ಅವರೇ 1944ರ ಡಿಸೆಂಬರ್‌ನಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ, ಅಮೆರಿಕದ ಪಶ್ಚಿಮ ಕರಾವಳಿಯಿಂದ ಜಪಾನಿ ಮೂಲದವರನ್ನು ಹೊರಹಾಕಿದ್ದು ಸರಿ ಎಂದು ಬರೆದಿದ್ದರು. ಹಾಗೆ ಮನೆಮಠ ಕಳೆದುಕೊಂಡು ಶಿಬಿರಗಳಲ್ಲಿ ಬಂದಿಗಳಾದವರು ಸುಮಾರು 1,20,000 ಜನ. ಫಿರಂಗಿಯ ಸದ್ದು ಕೇಳುತ್ತಿರುವಾಗ ನ್ಯಾಯಪೀಠದ ದನಿ ಸಣ್ಣದಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಭಾರತಕ್ಕೂ ಈ ಪ್ರಶ್ನೆ ಹೊಸದಲ್ಲ. 1919ರಲ್ಲಿ ಪಂಜಾಬಿನಲ್ಲಿ ಮಾರ್ಷಲ್ ಲಾ ಹೇರಿದ ಬ್ರಿಟಿಷ್ ಸರ್ಕಾರ, ಅದೇ ವರ್ಷ ತನ್ನ ಅಧಿಕಾರಿಗಳಿಗೆ ರಕ್ಷಣೆ ಕೊಡುವ ಕಾಯಿದೆಯನ್ನೂ ಮಾಡಿಕೊಂಡಿತು. ನಮ್ಮ ಸಂವಿಧಾನದ 34ನೇ ವಿಧಿಯಲ್ಲಿಯೂ ಮಾರ್ಷಲ್ ಲಾ ಪ್ರಸ್ತಾಪವಿದೆ: ಅದು ಜಾರಿಯಲ್ಲಿದ್ದ ಪ್ರದೇಶದಲ್ಲಿ ಶಾಂತಿ ಸ್ಥಾಪನೆಗಾಗಿ ನಡೆದ ಕೃತ್ಯಗಳಿಗೆ ಸಂಸತ್ತು ರಕ್ಷಣೆ ಒದಗಿಸಬಹುದು. ಆದರೆ ಆ ಪದದ ಅರ್ಥವನ್ನು ಸಂವಿಧಾನ ಎಲ್ಲಿಯೂ ವಿವರಿಸಿಲ್ಲ. ಮಾರ್ಷಲ್ ಲಾ ಬೇರೆ, ತುರ್ತು ಪರಿಸ್ಥಿತಿ ಬೇರೆ. ಆದರೂ 1976ರಲ್ಲಿ, ತುರ್ತು ಪರಿಸ್ಥಿತಿಯ ಬಂಧಿತರ ಅರ್ಜಿ ಕೇಳಲಾಗದು ಎಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದಾಗ, ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. 1978ರ 44ನೇ ತಿದ್ದುಪಡಿಯ ನಂತರ, ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟೇ ಹಳೆಯ ತೀರ್ಪನ್ನು ತಳ್ಳಿಹಾಕಿತು.

ಎಲ್ಲ ಕಡೆಯೂ ಸರಿಯಾದ ಮಾತು ತಡವಾಗಿಯೇ ಬಂತು. ಅಷ್ಟರಲ್ಲಿ ಜೈಲಿನಲ್ಲಿ ಕಳೆದ ದಿನಗಳನ್ನು ಯಾವ ತೀರ್ಪೂ ಹಿಂದಿರುಗಿಸದು. ಆದ್ದರಿಂದಲೇ, ಯುದ್ಧ ನಡೆಯುತ್ತಿರುವಾಗಲೇ ಜನರಲ್‌ನನ್ನು ನ್ಯಾಯಾಲಯಕ್ಕೆ ಕರೆದ ಮೆಟ್ಜರ್‌ರ 100 ಡಾಲರ್ ದಂಡಕ್ಕೆ ಅದರ ಮೊತ್ತವನ್ನು ಮೀರಿದ ಬೆಲೆಯಿದೆ.