ಟೂನ್ (ಪಾತ್ರಾಭಿನಯದ ಆಟ)

ಗ್ರೆಗ್ ಕಾಸ್ಟಿಕ್ಯಾನ್ ರೂಪಿಸಿ, ಅಮೆರಿಕದ ಸ್ಟೀವ್ ಜಾಕ್ಸನ್ ಗೇಮ್ಸ್ 1984ರಲ್ಲಿ ಪ್ರಕಟಿಸಿದ, ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟ. ಹಳೆಯ ಹಾಲಿವುಡ್ ಕಾರ್ಟೂನುಗಳ ಬಿದ್ದು ಎದ್ದು ಓಡುವ ಹಾಸ್ಯವೇ ಇದರ ಆಧಾರ. ಆ ಹಾಸ್ಯವನ್ನು ಆಟಗಾರರ ಚಾತುರ್ಯಕ್ಕಷ್ಟೇ ಬಿಡದೆ ನಿಯಮಗಳೊಳಗೇ ಹೆಣೆದದ್ದು ಇದರ ನಿಜವಾದ ಸಾಧನೆ. 1974ರ ಪಾತ್ರಾಭಿನಯದ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಪ್ರಾಣಾಂಕ ಮುಗಿದರೆ ಸಾವು. ಇಲ್ಲಿ ಪಾತ್ರ ಸುಮ್ಮನೆ ಬಿದ್ದು, ಮೂರು ನಿಮಿಷ ಹೊರಗಿದ್ದು ಮರಳುತ್ತದೆ. ಇನ್ನೂ ಸೊಗಸಾದದ್ದು ಗುರುತ್ವದ ನಿಯಮ. ಎರಡು ದಾಳಗಳ ಮೊತ್ತ ಸಾಮರ್ಥ್ಯದ ಅಂಕವನ್ನು ಮೀರದಿದ್ದರೆ ಗೆಲುವು ಎಂಬುದು ಸಾಮಾನ್ಯ ಕ್ರಮ. ಆದರೆ ಬಂಡೆಯಂಚು ದಾಟಿ ಗಾಳಿಯಲ್ಲಿ ನಡೆಯಬೇಕಾದರೆ ಬುದ್ಧಿಯ ಪರೀಕ್ಷೆಯಲ್ಲಿ ಸೋಲಬೇಕು: ಕಾಲಡಿ ನೆಲವಿಲ್ಲವೆಂದು ಹೊಳೆಯದವನು ಬೀಳುವುದೇ ಇಲ್ಲ!

ಸಾವಿಲ್ಲದ ಆಟದಲ್ಲಿ ಪಣವೇನು ಎಂಬ ಆಕ್ಷೇಪ ಸಹಜ. ವರ್ಷಗಟ್ಟಲೆ ಬೆಳೆಯುವ ಗಂಭೀರ ಕಥೆಗೆ ಈ ವ್ಯವಸ್ಥೆ ಒಗ್ಗದೆಂಬುದನ್ನು ಒಪ್ಪಬೇಕು. ಆದರೂ ಪಣ ಇಲ್ಲವಾಗಿಲ್ಲ, ಬೇರೆಡೆಗೆ ಸರಿದಿದೆ. ಬಿದ್ದವನು ಕಳೆದುಕೊಳ್ಳುವುದು ಜೀವವನ್ನಲ್ಲ, ಗಲಾಟೆಯ ನಡುವೆ ತನ್ನ ಸರದಿಯನ್ನು. ಆಟ ನಡೆಸುವವರನ್ನು ನಗಿಸಿದವರಿಗೆ ಕಥಾಂಕಗಳು ಸಿಗುವುದರಿಂದ, ಸೋಲನ್ನೂ ಚೆಂದವಾಗಿ ಅಭಿನಯಿಸುವ ಹುಮ್ಮಸ್ಸು ಆಟಗಾರರಲ್ಲಿ ಹುಟ್ಟುತ್ತದೆ.