‘ಬಿಲಿಯನ್’ ಎಂಬ ಸಂಖ್ಯಾವಾಚಕ

ಕಾಲದೇಶಗಳಿಗೆ ತಕ್ಕಂತೆ ಶಬ್ದಗಳಿಗೆ ಅರ್ಥಭೇದವುಂಟಾಗುವುದು ಎಲ್ಲ ಭಾಷೆಗಳಲ್ಲಿಯೂ ಕಂಡುಬರುವ ಸಂಗತಿ. ಆದರೆ ಎಣಿಕೆಯನ್ನು ತಿಳಿಸುವ ಶಬ್ದಕ್ಕೇ ಎರಡರ್ಥಗಳಾದರೆ ಅದರಿಂದೊದಗುವ ಅನರ್ಥವು ಅಲ್ಪವಲ್ಲ. ಇಂಗ್ಲೀಷಿನ ‘ಬಿಲಿಯನ್’ ಎಂಬ ಶಬ್ದದ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

ಅದರ ಹಿರಿಯಣ್ಣನಾದ ‘ಮಿಲಿಯನ್’ ಇಟಲಿಯ ಭಾಷೆಯಿಂದ ಬಂದುದು. ‘ದೊಡ್ಡ ಸಾವಿರ’ ಎಂಬುದು ಅದರ ಮೂಲಾರ್ಥ. ಬೆಲೆಯಲ್ಲಿ ಅದು ಹತ್ತು ಲಕ್ಷ. 1484ರಲ್ಲಿ ನಿಕೊಲಾ ಶುಕೇ ಎಂಬ ಫ್ರೆಂಚ್ ಗಣಿತಜ್ಞನು ತನ್ನ ಗ್ರಂಥದಲ್ಲಿ, ಮಿಲಿಯನ್ನನ್ನು ಮಿಲಿಯನ್ನಿನಿಂದ ಗುಣಿಸಿ ಬಂದ ಸಂಖ್ಯೆಯನ್ನು ‘ಬಿಲಿಯನ್’ ಎಂದೂ, ಇನ್ನೊಮ್ಮೆ ಗುಣಿಸಿ ಬಂದುದನ್ನು ‘ಟ್ರಿಲಿಯನ್’ ಎಂದೂ ಕರೆದನು. ‘ಬಿ’ ಎಂದರೆ ಎರಡು, ‘ಟ್ರಿ’ ಎಂದರೆ ಮೂರು. ಹೆಸರಿಗೂ ಲೆಕ್ಕಕ್ಕೂ ಹೊಂದಿಕೆಯಿದ್ದಿತು. ಈ ರೀತಿಯಲ್ಲಿ ಬಿಲಿಯನ್ ಎಂದರೆ ಒಂದು ಲಕ್ಷ ಕೋಟಿ.

17ನೆಯ ಶತಮಾನದಲ್ಲಿ ಫ್ರಾನ್ಸಿನ ಕೆಲವರು ಅಂಕಿಗಳನ್ನು ಆರಾರಾಗಿ ವಿಂಗಡಿಸುವುದನ್ನು ಬಿಟ್ಟು ಮೂರುಮೂರಾಗಿ ವಿಂಗಡಿಸಿದರು. ಸಾವಿರ ಮಿಲಿಯನ್ನಿಗೇ, ಎಂದರೆ ನೂರು ಕೋಟಿಗೇ, ಆ ಹೆಸರನ್ನಿತ್ತರು. ಅಮೆರಿಕವು ಈ ಹೊಸ ಪದ್ಧತಿಯನ್ನು ಹಿಡಿಯಿತು. ಇಂಗ್ಲೆಂಡು ಹಳೆಯದನ್ನು ಬಿಡಲಿಲ್ಲ. ಹೀಗೆ ಒಂದೇ ಭಾಷೆಯನ್ನಾಡುವ ಎರಡು ಜನಾಂಗಗಳಲ್ಲಿ ಒಂದೇ ಮಾತಿನ ಬೆಲೆಯು ಸಾವಿರ ಪಟ್ಟು ಬೇರೆಯಾಯಿತು. ವಿಚಿತ್ರವೆಂದರೆ, ಹೊಸ ಪದ್ಧತಿಗೆ ತವರಾದ ಫ್ರಾನ್ಸೇ 1961ರಲ್ಲಿ ಸರಕಾರದ ಆಜ್ಞೆಯ ಮೂಲಕ ಹಳೆಯ ಎಣಿಕೆಗೆ ಹಿಂದಿರುಗಿತು. ಬ್ರಿಟನ್ನಾದರೋ ಅದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿಯಿತು. 1974ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಹೆರಾಲ್ಡ್ ವಿಲ್ಸನ್ನರು, ತಮ್ಮ ಮಂತ್ರಿಗಳು ಈ ಶಬ್ದವನ್ನು ನೂರು ಕೋಟಿಯ ಅರ್ಥದಲ್ಲಿಯೇ ಬಳಸುವರೆಂದು ಪಾರ್ಲಿಮೆಂಟಿಗೆ ತಿಳಿಸಿದರು. ಜರ್ಮನರಲ್ಲಿ ಇಂದಿಗೂ ಬಿಲಿಯನ್ ಎಂದರೆ ಲಕ್ಷ ಕೋಟಿಯೇ. ನೂರು ಕೋಟಿಗೆ ಅವರಲ್ಲಿ ‘ಮಿಲಿಯಾರ್ಡೆ’ ಎಂಬ ಬೇರೆ ಪದವುಂಟು.

ಇದನ್ನು ಪಾಶ್ಚಾತ್ಯರ ಅವ್ಯವಸ್ಥೆಯೆಂದು ಹಳಿಯುವುದು ಯುಕ್ತವಲ್ಲ. ಆರ್ಯಭಟನ ‘ಅರ್ಬುದ’ವು ಹತ್ತು ಕೋಟಿ, ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಅದೇ ಅರ್ಬುದವು ಸಾವಿರ ಕೋಟಿ. ಸಂಖ್ಯೆಯು ಚಲಿಸದು, ಅದರ ಹೆಸರು ಮಾತ್ರ ಜನರ ಒಪ್ಪಂದವನ್ನು ಆಶ್ರಯಿಸಿ ನಿಂತಿರುವುದು.

ಆದಕಾರಣ ಇಂಗ್ಲೀಷ್ ಗ್ರಂಥವನ್ನು ಕನ್ನಡಕ್ಕೆ ತರುವವನು ಆ ಗ್ರಂಥವು ಯಾವ ದೇಶದಲ್ಲಿ, ಯಾವ ಕಾಲದಲ್ಲಿ ಹುಟ್ಟಿತೆಂಬುದನ್ನು ಮೊದಲು ವಿಚಾರಿಸತಕ್ಕುದು. ಹಳೆಯ ಬ್ರಿಟಿಷ್ ಲೇಖಕನ ಬಿಲಿಯನ್ನನ್ನು ನೂರು ಕೋಟಿಯೆಂದು ಬರೆದರೆ, ಮೂಲದಲ್ಲಿದ್ದ ಮೊತ್ತದ ಸಾವಿರದಲ್ಲೊಂದು ಪಾಲು ಮಾತ್ರ ಓದುಗನ ಕೈಸೇರುವುದು.